ತಪ್ಪು ಲೆಕ್ಕಕ್ಕೆ ಸಿಕ್ಕಿದ ಗ್ರಹ

ಲೆಕ್ಕ ತಪ್ಪಿದರೆ ಉತ್ತರವೂ ತಪ್ಪಬೇಕು. ಶಾಲೆಯ ಹುಡುಗರೂ ಬಲ್ಲ ಮಾತಿದು. ಆದರೆ ಬುಡದಲ್ಲಿಯೇ ತಪ್ಪಿದ ಲೆಕ್ಕವೊಂದನ್ನು ನಂಬಿ, ಇಲ್ಲದ ಗ್ರಹವನ್ನು ಅರಸುತ್ತ ಹೊರಟವರಿಗೆ, ಅದುವರೆಗೆ ಯಾರೂ ಗುರುತಿಸದಿದ್ದ ಲೋಕವೊಂದು ನಿಜವಾಗಿಯೂ ದೊರಕಿತು. ಅದರ ಹೆಸರು ಪ್ಲೂಟೋ.

ಈ ಕಥೆಯ ಮೂಲ ನೆಪ್ಚೂನ್ ಗ್ರಹದಲ್ಲಿದೆ. ಯುರೇನಸ್ ಗ್ರಹವು ತನಗೆ ಗೊತ್ತುಮಾಡಿದ ಹಾದಿಯಿಂದ ಕೊಂಚ ಅತ್ತಿತ್ತ ಸರಿಯುತ್ತಿರುವುದನ್ನು ಕಂಡು, ಅದನ್ನು ಎಳೆಯುವ ಮತ್ತೊಂದು ಗ್ರಹವಿರಬೇಕೆಂದು ಊಹಿಸಿ, ಫ್ರಾನ್ಸಿನ ಗಣಿತಜ್ಞನಾದ ಲೆವೆರಿಯೆಯು ಕಾಗದದ ಮೇಲೆಯೇ ಅದರ ಸ್ಥಾನವನ್ನು ನಿರ್ಧರಿಸಿದನು. 1846ರ ಸೆಪ್ಟೆಂಬರಿನಲ್ಲಿ ಆತನ ಪತ್ರವು ಬರ್ಲಿನ್ ವೇಧಶಾಲೆಯನ್ನು ಮುಟ್ಟಿದ ರಾತ್ರಿಯೇ ನೆಪ್ಚೂನ್ ಕಾಣಿಸಿಕೊಂಡಿತು. ಗಣಿತಕ್ಕೆ ಇದಕ್ಕಿಂತ ಹಿರಿದಾದ ವಿಜಯ ಬೇಕೆ?

ಅಂತಹುದೇ ವಿಜಯವನ್ನು ತಾನೂ ಸಾಧಿಸಬೇಕೆಂಬ ಹಂಬಲವು ಅಮೆರಿಕದ ಪರ್ಸಿವಲ್ ಲೊವೆಲನನ್ನು ಹಿಡಿಯಿತು. ಬೋಸ್ಟನ್ನಿನ ಸಿರಿವಂತ ಮನೆತನದ ಈತನು 1894ರಲ್ಲಿ ಅರಿಜೋನಾದ ಫ್ಲಾಗ್‌ಸ್ಟಾಫ್ ಎಂಬಲ್ಲಿ ಸ್ವಂತ ಹಣದಿಂದ ವೇಧಶಾಲೆಯನ್ನು ಕಟ್ಟಿಸಿದ್ದನು. ಮಂಗಳಗ್ರಹದಲ್ಲಿ ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳಿವೆಯೆಂದು ಸಾರಿ ಅನೇಕ ವಿದ್ವಾಂಸರ ನಗೆಗೆ ಗುರಿಯಾದವನೂ ಈತನೇ. ನೆಪ್ಚೂನನ್ನು ಗಣನೆಗೆ ತಂದ ಮೇಲೂ ಯುರೇನಸ್ಸಿನ ನಡೆಯಲ್ಲಿ ಎಳ್ಳಷ್ಟು ವ್ಯತ್ಯಾಸ ಉಳಿದಿದೆಯೆಂದೂ, ಅದಕ್ಕೆ ಭೂಮಿಯ ಸುಮಾರು ಏಳರಷ್ಟು ತೂಕದ ಅಜ್ಞಾತ ಗ್ರಹವೇ ಕಾರಣವೆಂದೂ ಆತನು ಲೆಕ್ಕ ಹಾಕಿದನು. ಹತ್ತು ವರ್ಷ ಹುಡುಕಿ, ಕಾಣದೆ, 1916ರಲ್ಲಿ ತೀರಿಕೊಂಡನು. 1915ರಲ್ಲಿ ಅವನದೇ ವೇಧಶಾಲೆಯಲ್ಲಿ ತೆಗೆದ ಎರಡು ಛಾಯಾಚಿತ್ರಗಳಲ್ಲಿ ಪ್ಲೂಟೋ ಮಸುಕಾಗಿ ಮೂಡಿತ್ತು; ನೋಡಿದವರು ಗುರುತಿಸಲಿಲ್ಲ! ಬಳಿಕ ಉಯಿಲಿನ ಬಗ್ಗೆ ಅವನ ಹೆಂಡತಿ ಹೂಡಿದ ವ್ಯಾಜ್ಯದಲ್ಲಿ ಸುಮಾರು ಹತ್ತು ವರ್ಷಗಳು ಕಳೆದವು.

ಇತ್ತ ಕಾನ್ಸಾಸಿನ ಬಯಲಿನಲ್ಲಿ ಕ್ಲೈಡ್ ಟಾಂಬೋ ಎಂಬ ರೈತನ ಮಗನಿದ್ದನು. ಆಲಿಕಲ್ಲಿನ ಮಳೆಯು ಮನೆಯವರ ಪೈರನ್ನು ನೆಲಕ್ಕೊರಗಿಸಿದಾಗ ಅವನ ಕಾಲೇಜಿನ ಆಸೆಯೂ ನೆಲಕಚ್ಚಿತು. ಹುಡುಗನು ಹಳೆಯ ಮೋಟಾರಿನ ಭಾಗಗಳನ್ನೂ ಹೊಲದ ಯಂತ್ರಗಳ ತುಂಡುಗಳನ್ನೂ ಕೂಡಿಸಿ ದೂರದರ್ಶಕವನ್ನು ಮಾಡಿಕೊಂಡನು. ಅದರ ಕನ್ನಡಿಯನ್ನು ತಾನೇ ಉಜ್ಜಿದನು. ಕನ್ನಡಿಯನ್ನು ಪರೀಕ್ಷಿಸಲು ಗಾಳಿಯಾಡದ ತಂಪು ಜಾಗ ಬೇಕೆಂದು ನೆಲದಲ್ಲಿ ಗುಂಡಿ ತೋಡಿದನು. ಅದರಲ್ಲಿ ಕಂಡ ಗುರು, ಮಂಗಳಗ್ರಹಗಳ ಚಿತ್ರಗಳನ್ನು ಬರೆದು ಫ್ಲಾಗ್‌ಸ್ಟಾಫಿಗೆ ಕಳುಹಿಸಿದನು. ಹೊಸ ದೂರದರ್ಶಕಕ್ಕೆ ಆಳೊಬ್ಬನನ್ನು ಹುಡುಕುತ್ತಿದ್ದ ವೇಧಶಾಲೆಯವರು ಅವನನ್ನೇ ಕರೆಸಿಕೊಂಡರು. 1929ರ ಜನವರಿಯಲ್ಲಿ ಅವನು ಅಲ್ಲಿಗೆ ಬಂದಾಗ ಇನ್ನೂ 23 ತುಂಬಿರಲಿಲ್ಲ.

ಕೆಲಸವೇನೋ ಹೇಳಲು ಸುಲಭ. ಕೊರೆಯುವ ಚಳಿಯಲ್ಲಿ, ಬೆಂಕಿಯ ಸುಳಿವೂ ಇಲ್ಲದ ಗುಮ್ಮಟದೊಳಗೆ ಕುಳಿತು, ಗಾಜಿನ ಫಲಕದ ಮೇಲೆ ಒಂದು ತಾಸಿನ ಕಾಲ ಆಕಾಶದ ಒಂದು ಭಾಗವನ್ನು ಚಿತ್ರಿಸಬೇಕು. ಕೆಲವು ರಾತ್ರಿಗಳ ನಂತರ ಅದೇ ಭಾಗವನ್ನು ಮತ್ತೆ ಚಿತ್ರಿಸಬೇಕು. ಹಗಲಿನಲ್ಲಿ ಎರಡು ಫಲಕಗಳನ್ನೂ ಯಂತ್ರಕ್ಕೆ ಸೇರಿಸಿ, ಕಣ್ಣು ಮಿಟುಕಿಸಿದಂತೆ ಒಂದಾದ ಮೇಲೊಂದನ್ನು ನೋಡುತ್ತ ಹೋಗಬೇಕು. ನಕ್ಷತ್ರಗಳು ನಿಂತಲ್ಲೇ ನಿಲ್ಲುತ್ತವೆ. ಗ್ರಹವಾದರೆ ಅತ್ತಿಂದಿತ್ತ ನೆಗೆಯುತ್ತದೆ. ಆದರೆ ಒಂದೊಂದು ಫಲಕದಲ್ಲಿಯೂ ಲಕ್ಷಗಟ್ಟಲೆ ಚುಕ್ಕೆಗಳು! ಸಾಲದುದಕ್ಕೆ, ಮಂಗಳ ಗುರುಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳೂ ಹಾಗೆಯೇ ನೆಗೆದು ಮೋಸಮಾಡುತ್ತವೆ. ಟಾಂಬೋ ಇದಕ್ಕೊಂದು ಉಪಾಯ ಕಂಡುಕೊಂಡನು. ಸೂರ್ಯನಿಗೆ ನೇರ ಎದುರಾಗಿರುವ ಆಕಾಶವನ್ನೇ ಚಿತ್ರಿಸಿದರೆ, ಅಲ್ಲಿ ಕಾಣುವ ಚಲನೆಯ ಬಹುಪಾಲು ನಮ್ಮ ಭೂಮಿಯದೇ. ಓಡುವ ರೈಲಿನಿಂದ ನೋಡುವವನಿಗೆ ಹತ್ತಿರದ ಮರ ಬೇಗನೆ ಹಿಂದೋಡಿ, ದೂರದ ಬೆಟ್ಟ ನಿಧಾನವಾಗಿ ಸರಿಯುವುದಿಲ್ಲವೆ? ಹಾಗೆಯೇ ಇಲ್ಲಿ ಹೆಚ್ಚು ನೆಗೆದದ್ದು ಸಮೀಪದ್ದು, ಕಡಿಮೆ ನೆಗೆದದ್ದು ದೂರದ್ದು.

1930ರ ಫೆಬ್ರವರಿ 18, ಮಂಗಳವಾರ. ಜನವರಿ 23 ಮತ್ತು 29ರ ಫಲಕಗಳು ಯಂತ್ರದಲ್ಲಿದ್ದವು. ಮಿಥುನರಾಶಿಯ ನಕ್ಷತ್ರವೊಂದರ ಬಳಿ ಮಂಕಾದ ಚುಕ್ಕೆಯೊಂದು ಕೆಲವೇ ಮಿಲಿಮೀಟರಿನಷ್ಟು ನೆಗೆಯಿತು. ಅಷ್ಟು ಅಲ್ಪ ನೆಗೆತವೆಂದರೆ ಅದು ನೆಪ್ಚೂನಿಗಿಂತಲೂ ಆಚೆಯದು! ಜನವರಿ 21ರ ಫಲಕವನ್ನು ತೆಗೆದು ನೋಡಿದನು. ಅದರಲ್ಲಿಯೂ ಚುಕ್ಕೆಯು ಇರಬೇಕಾದಲ್ಲಿಯೇ ಇದ್ದಿತು. ಲೊವೆಲನ ಜನ್ಮದಿನವಾದ ಮಾರ್ಚ್ 13ರಂದು ಸುದ್ದಿಯು ಜಗತ್ತಿಗೆ ಸಾರಲ್ಪಟ್ಟಿತು. ಆಕ್ಸ್‌ಫರ್ಡಿನ ವೆನಿಷಿಯಾ ಬರ್ನಿ ಎಂಬ 11 ವರ್ಷದ ಬಾಲಕಿ, ಕತ್ತಲ ಪಾತಾಳದ ಅಧಿದೇವತೆಯಾದ ಪ್ಲೂಟೋ ಹೆಸರನ್ನು ಅಜ್ಜನೆದುರು ಸೂಚಿಸಿದಳು. ತಂತಿಯ ಮೂಲಕ ಅದು ಫ್ಲಾಗ್‌ಸ್ಟಾಫಿಗೆ ತಲುಪಿತು. ಅದರ ಮೊದಲೆರಡು ಇಂಗ್ಲಿಷ್ ಅಕ್ಷರಗಳು ಲೊವೆಲನ ಹೆಸರಿನ ಮೊದಲಕ್ಷರಗಳೂ ಆದುದು ವೇಧಶಾಲೆಯವರಿಗೆ ಹಿತವಾಗಿಯೇ ಕಂಡಿರಬೇಕು.

ಹೀಗೆ ಗ್ರಹಗಳು ಒಂಬತ್ತಾದವು. (ನಮ್ಮ ಪಂಚಾಂಗದ ಒಂಬತ್ತು ಬೇರೆ, ಅಲ್ಲಿ ಸೂರ್ಯಚಂದ್ರರೂ ರಾಹುಕೇತುಗಳೂ ಗ್ರಹಗಳೇ.)

ಆದರೆ ಅಳೆದಂತೆಲ್ಲ ಪ್ಲೂಟೋ ಕುಗ್ಗುತ್ತ ಬಂದಿತು. ಮೊದಮೊದಲು ಭೂಮಿಯಷ್ಟು ತೂಗೀತೆಂದರು. 1978ರಲ್ಲಿ ಜೇಮ್ಸ್ ಕ್ರಿಸ್ಟಿ ಎಂಬಾತನು ಅದರ ಉಪಗ್ರಹವಾದ ಕ್ಯಾರನ್ನನ್ನು ಕಂಡುಹಿಡಿದ ಮೇಲೆ ತೂಕವು ನಿಜವಾಗಿ ತಿಳಿಯಿತು: ನಮ್ಮ ಚಂದ್ರನ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ! ಇಷ್ಟು ಹಗುರವಾದುದು ಯುರೇನಸ್ಸನ್ನು ಎಳೆಯುವುದೆಂತು? ಹಾಗಾದರೆ ಎಳೆದವರು ಯಾರು? ಯಾರೂ ಇಲ್ಲ. 1989ರಲ್ಲಿ ವಾಯೇಜರ್ 2 ನೌಕೆಯು ನೆಪ್ಚೂನಿನ ಬಳಿ ಹಾದಾಗ ಆ ಗ್ರಹದ ತೂಕವು ಸರಿಯಾಗಿ ಗೊತ್ತಾಯಿತು. ಹೊಸ ಅಂಕಿಯನ್ನಿಟ್ಟು ಮೈಲ್ಸ್ ಸ್ಟ್ಯಾಂಡಿಷ್ ಮತ್ತೆ ಲೆಕ್ಕ ಮಾಡಿ 1993ರಲ್ಲಿ ಪ್ರಕಟಿಸಿದಾಗ, ಲೊವೆಲನನ್ನು ಕಾಡಿದ ವ್ಯತ್ಯಾಸವೇ ಮಾಯವಾಯಿತು. ಅವನು ತೋರಿಸಿದ್ದ ಸ್ಥಳದಿಂದ ಸುಮಾರು ಆರು ಅಂಶಗಳ ದೂರದಲ್ಲಿ ಪ್ಲೂಟೋ ಇದ್ದುದು ಕೇವಲ ಆಕಸ್ಮಿಕ. ಅದನ್ನು ಕಾಣಿಸಿದ್ದು ಲೆಕ್ಕವಲ್ಲ, ಒಂದು ಚುಕ್ಕೆಯನ್ನೂ ಬಿಡದೆ ನೋಡಿದ ಟಾಂಬೋವಿನ ಕಣ್ಣು.

ಪ್ಲೂಟೋ ಒಂಟಿಯೂ ಅಲ್ಲವೆಂಬುದು ಮುಂದಿನ ಸುದ್ದಿ. 1992ರಲ್ಲಿ ಡೇವಿಡ್ ಜುವಿಟ್ ಮತ್ತು ಜೇನ್ ಲೂ ಎಂಬವರು, ಐದು ವರ್ಷಗಳ ಹುಡುಕಾಟದ ಬಳಿಕ, ಹವಾಯಿಯಿಂದ ಅದೇ ಪ್ರದೇಶದ ಮತ್ತೊಂದು ಕಾಯವನ್ನು ಕಂಡರು. ಅನಂತರ ನೂರಾರು, ಸಾವಿರಾರು ಕಂಡವು. 2005ರಲ್ಲಿ ಮೈಕ್ ಬ್ರೌನ್ ಮತ್ತು ಸಂಗಡಿಗರಿಗೆ ಸಿಕ್ಕಿದ ಎರಿಸ್ ಗಾತ್ರದಲ್ಲಿ ಪ್ಲೂಟೋವಿನ ಸರಿಸಾಟಿ, ತೂಕದಲ್ಲಿ ಅದಕ್ಕೂ ಮಿಗಿಲು. ಎರಿಸನ್ನು ಹತ್ತನೆಯ ಗ್ರಹವೆನ್ನಬೇಕು, ಇಲ್ಲವೆ ಪ್ಲೂಟೋವನ್ನು ಪಟ್ಟದಿಂದ ಇಳಿಸಬೇಕು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ ಖಗೋಲಜ್ಞರು ಕೈಯೆತ್ತಿ ಎರಡನೆಯದನ್ನೇ ಆರಿಸಿದರು. ಸೂರ್ಯನನ್ನು ಸುತ್ತುತ್ತ, ಗುಂಡಗಿದ್ದು, ತನ್ನ ಹಾದಿಯನ್ನು ಬೇರೆ ಕಾಯಗಳಿಂದ ತೆರವು ಮಾಡಿಕೊಂಡಿರುವುದೇ ಗ್ರಹ. ಗುಂಡಗಿದ್ದೂ ತೆರವು ಮಾಡಿಕೊಳ್ಳದ್ದು ಕುಬ್ಜಗ್ರಹ. ಪ್ಲೂಟೋ, ಎರಿಸ್‌ಗಳೊಡನೆ ಸೀರಿಸ್, ಹೌಮಿಯಾ, ಮಾಕೆಮಾಕೆಗಳನ್ನೂ ಈ ವರ್ಗಕ್ಕೆ ಸೇರಿಸಿದ್ದಾರೆ. 1801ರಲ್ಲಿ ಸಿಕ್ಕಿದ ಸೀರಿಸ್ ಕೂಡ ಕೆಲವು ದಶಕಗಳ ಕಾಲ ಗ್ರಹವೆನಿಸಿ ಪದವಿ ಕಳೆದುಕೊಂಡದ್ದೇ. ಈ ನಿರ್ಣಯವು ನ್ಯಾಯವೇ ಆದರೂ ಎಲ್ಲರಿಗೂ ರುಚಿಸಲಿಲ್ಲ. ಟಾಂಬೋ ಬಾಳಿದ ನ್ಯೂ ಮೆಕ್ಸಿಕೋ ಸಂಸ್ಥಾನದ ಶಾಸನಸಭೆಯು, ತನ್ನ ಆಕಾಶದಲ್ಲಿ ಪ್ಲೂಟೋ ಹಾಯುವಷ್ಟು ಹೊತ್ತು ಅದು ಗ್ರಹವೇ ಎಂದು 2007ರಲ್ಲಿ ಘೋಷಿಸಿತು!

ಪದವಿ ಹೋಗುವ ಮೊದಲೇ, ಅದೇ ವರ್ಷದ ಜನವರಿ 19ರಂದು, ನ್ಯೂ ಹೊರೈಜನ್ಸ್ ಎಂಬ ನೌಕೆಯು ಅತ್ತ ಹೊರಟಿತ್ತು. 1997ರಲ್ಲಿ ತೀರಿಕೊಂಡ ಟಾಂಬೋವಿನ ಚಿತಾಭಸ್ಮದ ಒಂದು ಚಿಟಿಕೆಯನ್ನು ಅದರೊಳಗಿರಿಸಿದ್ದರು. 300 ಕೋಟಿ ಮೈಲಿ ಸಾಗಿ 2015ರ ಜುಲೈ 14ರಂದು ಅದು ಪ್ಲೂಟೋವಿನ ಪಕ್ಕದಲ್ಲಿ ಹಾದುಹೋಯಿತು. ಸತ್ತ ಹಿಮಗಡ್ಡೆಯನ್ನು ನಿರೀಕ್ಷಿಸಿದ್ದವರು ಬೆರಗಾದರು. ಸೊನ್ನೆಗಿಂತ ಸುಮಾರು 230 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅಲ್ಲಿ ಸಾರಜನಕದ ಹಿಮವು ನದಿಯಂತೆ ಹರಿಯುತ್ತದೆ, ನೀರ್ಗಲ್ಲಿನ ಪರ್ವತಗಳಿವೆ, ಹೃದಯದ ಆಕಾರದ ಬೆಳ್ಳಗಿನ ಬಯಲಿದೆ. ಆ ಬಯಲಿಗೆ ಟಾಂಬೋವಿನ ಹೆಸರನ್ನೂ, ಎರಡು ಪರ್ವತಶ್ರೇಣಿಗಳಿಗೆ ಎವರೆಸ್ಟನ್ನೇರಿದ ತೇನ್‌ಸಿಂಗ್ ಹಿಲರಿಯರ ಹೆಸರುಗಳನ್ನೂ ಇಟ್ಟಿದ್ದಾರೆ.

ಲೊವೆಲನ ಹಂಬಲ ಮಾತ್ರ ಇನ್ನೂ ತಣಿದಿಲ್ಲ. ದೂರದ ಕೆಲವು ಕಾಯಗಳ ಹಾದಿಗಳು ಒಂದೇ ಕಡೆಗೆ ವಾಲಿರುವುದನ್ನು ಕಂಡು, ಭೂಮಿಗಿಂತ ಹಲವು ಪಟ್ಟು ತೂಕದ ಅಜ್ಞಾತ ಗ್ರಹವೊಂದು ಆಚೆಯಲ್ಲಿರಬೇಕೆಂದು 2016ರಲ್ಲಿ ಲೆಕ್ಕ ಮುಂದಿಟ್ಟವರು ಇಬ್ಬರು. ಒಬ್ಬನು ಕಾನ್‌ಸ್ಟಾಂಟಿನ್ ಬತಿಗಿನ್. ಇನ್ನೊಬ್ಬನು ಪ್ಲೂಟೋವನ್ನು ಇಳಿಸಲು ಕಾರಣನಾದ ಅದೇ ಮೈಕ್ ಬ್ರೌನ್. ಚಿಲಿ ದೇಶದ ಬೆಟ್ಟದ ಮೇಲೆ 2025ರಲ್ಲಿ ಕಣ್ಣು ತೆರೆದಿರುವ ವೀರಾ ರೂಬಿನ್ ವೇಧಶಾಲೆಯು ಕೆಲವೇ ರಾತ್ರಿಗಳಲ್ಲಿ ದಕ್ಷಿಣದ ಆಕಾಶವನ್ನೆಲ್ಲ ಚಿತ್ರಿಸಿ, ಮತ್ತೆ ಮತ್ತೆ ಹೋಲಿಸಬಲ್ಲುದು. ಚುಕ್ಕೆ ನೆಗೆಯುವುದೋ ಇಲ್ಲವೋ ಎಂದು ಇನ್ನು ಯಂತ್ರವೇ ನೋಡಬೇಕು.