ಮಳೆ ನಕ್ಷತ್ರಗಳ ಫೋಟೋ: ಮೊಬೈಲೇ ಸಾಕು

ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರ್ದ್ರಾ. ಈ ಹೆಸರು ಗೊತ್ತಿಲ್ಲದ ರೈತರುಂಟೇ? ಆದರೆ ಆಕಾಶದಲ್ಲಿ ಬೆರಳಿಟ್ಟು ತೋರಿಸಿ ಎಂದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೇವೆ. ಕಾರಣವೂ ಇದೆ. ಮೃಗಶಿರಾ ಮಳೆ ಎಂದರೆ ಸೂರ್ಯ ಆ ನಕ್ಷತ್ರದ ನೇರದಲ್ಲಿರುವ ಹದಿಮೂರು-ಹದಿನಾಲ್ಕು ದಿನ. ಆಗ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ, ಕಾಣುವುದು ಹೇಗೆ? ಮುಂಗಾರಿನ ನಕ್ಷತ್ರಗಳನ್ನು ನೋಡಬೇಕಿದ್ದರೆ ಚಳಿಗಾಲವೇ ಆಗಬೇಕು.

ರಾತ್ರಿ ಆಕಾಶದ ಫೋಟೋ ತೆಗೆಯುವ ನನ್ನ ಹವ್ಯಾಸ ಶುರುವಾದದ್ದು ಈ ನಾಲ್ಕರಿಂದಲೇ. ಹೊಸಬರಿಗೂ ಅದನ್ನೇ ಹೇಳುತ್ತೇನೆ. ದೊಡ್ಡ ಕ್ಯಾಮೆರಾ, ಸ್ಟ್ಯಾಂಡು ಅಂತ ಮೊದಲೇ ದುಡ್ಡು ಸುರಿಯುವುದು ಬೇಡ. ಪೇಟೆಯವರು ಕಾರು ಮಾಡಿಕೊಂಡು ಹುಡುಕುವ ಕತ್ತಲೆ ನಮ್ಮ ಗದ್ದೆಯಲ್ಲೇ ಇದೆ.

ಜನವರಿಯ ಅಮಾವಾಸ್ಯೆಯ ಆಸುಪಾಸು ಒಂದು ರಾತ್ರಿ ಆರಿಸಿಕೊಳ್ಳಿ. ಎಂಟೂವರೆಯಿಂದ ಒಂಬತ್ತೂವರೆಯ ಹೊತ್ತಿಗೆ ರೋಹಿಣಿ ನಮ್ಮ ಮಲೆನಾಡಿನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ತೋಟದೊಳಗೆ ನಿಂತರೆ ಅಡಿಕೆ ಸೋಗೆ ಅಡ್ಡ, ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ. ಕೊಯ್ಲಾದ ಗದ್ದೆಯೇ ಒಳ್ಳೆಯದು. ಹೋಗುವಾಗ ಗಂಬೂಟು, ಟಾರ್ಚು ಮರೆಯಬೇಡಿ. ಹಾವು ಆಕಾಶ ನೋಡುತ್ತಾ ಬರುವುದಿಲ್ಲ.

ಗದ್ದೆಯಲ್ಲಿ ಒಂದು ಸ್ಟೂಲು ಇಟ್ಟು, ಫೋನಿನ ಕ್ಯಾಮೆರಾದಲ್ಲಿ 'ಪ್ರೊ' ಎಂಬುದನ್ನು ತೆರೆಯಿರಿ. ಐಎಸ್‌ಒ 1600, ಶಟರ್ 15 ಸೆಕೆಂಡು, ಫೋಕಸ್ ಅತಿ ದೂರಕ್ಕೆ. ಟೈಮರ್ 10 ಸೆಕೆಂಡು ಇಟ್ಟು ಬಟನ್ ಒತ್ತಿ, ಫೋನನ್ನು ಸ್ಟೂಲಿನ ಮೇಲೆ ಕವುಚಿ ಮಲಗಿಸಿ ಕೈ ಬಿಡಿ. ಫೋನಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ. ನಾಲ್ಕೂ ನಕ್ಷತ್ರ ಒಂದೇ ಫೋಟೋದಲ್ಲಿ ಬರುತ್ತವೆ! 'ಪ್ರೊ' ಇಲ್ಲದ ಫೋನಾದರೆ ನೈಟ್ ಮೋಡ್ ನೋಡಿ.

15 ಸೆಕೆಂಡೇ ಯಾಕೆ? ಭೂಮಿ ತಿರುಗುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಚುಕ್ಕಿ ಗೀರಾಗುತ್ತದೆ. ಅರ್ಧ ಗಂಟೆಯೊಳಗೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಒಣ ಹತ್ತಿ ಬಟ್ಟೆ ಜೇಬಿನಲ್ಲಿರಲಿ. ಮುಂದೆ ಕ್ಯಾಮೆರಾ ಕೊಂಡರೆ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ನಮ್ಮ ಹವೆಗೆ ಲೆನ್ಸಿನೊಳಗೂ ಬೂಷ್ಟು ಬರುತ್ತದೆ.

ಫೋಟೋವನ್ನು ದೊಡ್ಡದು ಮಾಡಿ ನೋಡಿ. ಕೃತ್ತಿಕೆಯ ಗೊಂಚಲಿನಲ್ಲಿ ಬರಿಗಣ್ಣಿಗೆ ಸಿಗುವುದು ಆರು, ಇಲ್ಲಿ ಎಣಿಕೆ ಮುಂದೆ ಹೋಗುತ್ತದೆ. ರೋಹಿಣಿ, ಆರ್ದ್ರಾ ಎರಡರದ್ದೂ ಕೆಂಪು ಛಾಯೆ. ಪ್ರತಿ ಜನವರಿಯಲ್ಲೂ ಇದೇ ಫೋಟೋ ತೆಗೆದಿಡುವುದು ನನ್ನ ಕ್ರಮ. ಸಾಧಾರಣವಾಗಿ ಆರ್ದ್ರಾ ರೋಹಿಣಿಗಿಂತ ಪ್ರಕಾಶಮಾನ. 2020ರ ಫೋಟೋದಲ್ಲಿ ಮಾತ್ರ ರೋಹಿಣಿಗಿಂತ ಮಂಕು. ಆ ನಕ್ಷತ್ರವೇ ಉಗುಳಿದ ಅನಿಲ ತಣಿದು, ಧೂಳಾಗಿ ಬೆಳಕಿಗೆ ಅಡ್ಡ ನಿಂತಿತ್ತು ಎಂದು ವಿಜ್ಞಾನಿಗಳು 2021ರಲ್ಲಿ ತಿಳಿಸಿದರು. "ಹಾಗಾದ್ರೆ ಆರಿದ್ರೆ ಮಳೆಯೂ ಕಮ್ಮಿಯೇನ್ರೋ ಮಾರಾಯ್ರೆ?" ಅಂತ ಪಕ್ಕದ ಮನೆಯವರ ಪ್ರಶ್ನೆ. ಮಳೆಗೂ ಆ ನಕ್ಷತ್ರದ ಬೆಳಕಿಗೂ ಸಂಬಂಧವಿಲ್ಲ. ಹೆಸರು ಬರೀ ಸೂರ್ಯ ಇರುವ ಜಾಗದ ಗುರುತು.

ಇತ್ತೀಚಿನ ಫೋಟೋಗಳಲ್ಲಿ ಸಣ್ಣ ಚುಕ್ಕಿಗಳು ಕಮ್ಮಿಯಾಗುತ್ತಿವೆ. ಆಕಾಶವೇ ಬೆಳ್ಳಗೆ. ಹಂದಿ ಕಾಟಕ್ಕೆಂದು ಮನೆಮನೆಗೂ ರಾತ್ರಿಯಿಡೀ ಎಲ್‌ಇಡಿ ಉರಿಯುತ್ತಿದೆ, ಅದರಲ್ಲಿ ಅರ್ಧ ಬೆಳಕು ಮೇಲಕ್ಕೇ ಹೋಗುತ್ತದೆ. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲೆ ಆಕಾಶದ ಸಂರಕ್ಷಿತ ಪ್ರದೇಶವೆಂದು ಗುರುತಿಸಿದ್ದಾರೆ. ನಮ್ಮಲ್ಲಿ ಅಷ್ಟೆಲ್ಲ ಆಗಲಿಕ್ಕಿಲ್ಲ. ನಮ್ಮ ಅಂಗಳದ ದೀಪಕ್ಕೆ ನಾನು ಅಡಿಕೆ ಹಾಳೆಯ ಟೊಪ್ಪಿ ಹಾಕಿದ್ದೇನೆ, ಬಲ್ಬಿಗೆ ತಾಗದ ಹಾಗೆ. ಖರ್ಚು ಸೊನ್ನೆ. ಬೆಳಕು ಬೇಕಾದ ನೆಲದ ಮೇಲೇ ಬೀಳುತ್ತದೆ. ಪಕ್ಕದ ಮನೆಯವರು ಅಮಾವಾಸ್ಯೆಯಂದು ಅರ್ಧ ಗಂಟೆ ತಮ್ಮ ದೀಪ ಆರಿಸಲು ಒಪ್ಪಿದ್ದಾರೆ, ಹಂದಿ ಬಂದರೆ ನಾನೇ ಓಡಿಸಬೇಕೆಂಬ ಷರತ್ತಿನ ಮೇಲೆ.