ಹೊಳೆಯದ ಪರದೆಯ ಒಳಗುಟ್ಟು

ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಮೊದಲು ಅದನ್ನು ಆಫ್ ಮಾಡಿಸಿ. ಕಪ್ಪಾದ ಪರದೆಯಲ್ಲಿ ಅಂಗಡಿಯ ಟ್ಯೂಬ್‌ಲೈಟ್ ಹೇಗೆ ಕಾಣುತ್ತದೆ ನೋಡಿ. ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಂಡರೆ ಅದು ಗ್ಲಾಸಿ. ಅಂಚು ಕರಗಿ ಬೆಳ್ಳಗೆ ಹರಡಿಕೊಂಡರೆ ಮ್ಯಾಟ್. ವಿವರಪಟ್ಟಿಯಲ್ಲಿ 'ಆ್ಯಂಟಿ ಗ್ಲೇರ್' ಎಂದಿರುವುದು ಇದನ್ನೇ.

ಮ್ಯಾಟ್ ಪರದೆ ಹೊರಗಿನ ಬೆಳಕನ್ನು ನುಂಗಿಬಿಡುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗೇನಿಲ್ಲ. ಸಾದಾ ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟು ಮೇಲ್ಮೈಯಿಂದಲೇ ವಾಪಸಾಗುತ್ತದೆ. ಮ್ಯಾಟ್ ಪರದೆ ಮರಳಿಸುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಂದೇ ದಿಕ್ಕಿಗಲ್ಲ, ಹತ್ತು ದಿಕ್ಕಿಗೆ. ಪಾಲಿಶ್ ಮಾಡಿದ ಗ್ರಾನೈಟಿನಲ್ಲಿ ಮುಖ ಕಾಣುತ್ತದೆ, ಅದೇ ಕಲ್ಲನ್ನು ಒರಟಾಗಿಯೇ ಅಂಗಳಕ್ಕೆ ಹಾಸಿದರೆ ಕಾಣುವುದಿಲ್ಲವಲ್ಲ, ಹಾಗೆ. ಸಾಮಾನ್ಯವಾಗಿ ಮ್ಯಾಟ್ ಪರದೆಯ ತೀರಾ ಹೊರಗಿರುವುದು ಗಾಜಲ್ಲ, ಪ್ಲಾಸ್ಟಿಕ್ ಹಾಳೆ. ಸಿಲಿಕಾದಂಥ ಕಣ ಬೆರೆಸಿದ ಲೇಪ ಹಚ್ಚಿ, ಅದರ ಮೇಲೆ ಕಣ್ಣಿಗೆ ನಿಲುಕದಷ್ಟು ಸಣ್ಣ ಉಬ್ಬುತಗ್ಗು ಮೂಡಿಸಿರುತ್ತಾರೆ.

ಪ್ರತಿಫಲನವನ್ನೇ ತಗ್ಗಿಸುವ ವಿದ್ಯೆ ಬೇರೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲ ಮಸೂರಗಳಿಗೆಂದು ರೂಪಿಸಿದ ತೆಳುಲೇಪ ಆ ಜಾತಿಯದು. ಈಗಿನ ಕನ್ನಡಕಗಳ ಮೇಲೂ ಅದರ ಸಂತತಿ ಇದೆ. ಲೇಪದ ಮೇಲಿನಿಂದಲೂ ತಳದಿಂದಲೂ ಮರಳುವ ಅಲೆಗಳು ಒಂದನ್ನೊಂದು ಅಳಿಸುತ್ತವೆ.

ಮ್ಯಾಟ್‌ನಲ್ಲಿ ಬೆಳಕು ಅಳಿಯುವುದಿಲ್ಲ, ಚದುರುತ್ತದೆ ಅಷ್ಟೇ. ಹಾಗಾಗಿ ಹಗಲು ತುಂಬಿದ ಕೋಣೆಯಲ್ಲಿ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಚದುರಿದ ಬೆಳಕನ್ನು ಮೀರಿಸಲು ಪರದೆಗೆ ಸ್ವಂತ ಬೆಳಕು ಬೇಕು. 250 ನಿಟ್ಸ್ (ಪರದೆಯ ಪ್ರಕಾಶದ ಅಳತೆ) ಇರುವ ಅಗ್ಗದ ಪರದೆ ಕಿಟಕಿ ಪಕ್ಕ ಸೋಲುತ್ತದೆ. 300 ಇರಲೇಬೇಕು, 400 ಆದರೆ ನೆಮ್ಮದಿ. ಹಾಗೆಯೇ ಬಿಳಿ ಪುಟ ತೆರೆದು ತಲೆಯನ್ನು ಕೊಂಚ ಅತ್ತಿತ್ತ ಆಡಿಸಿ ನೋಡಿ. ಲೇಪ ಒರಟಾಗಿದ್ದರೆ ಬಿಳಿ ಕಣಕಣವಾಗಿ ಮಿನುಗುತ್ತದೆ. ದಿನವಿಡೀ ಅಕ್ಷರ ಓದುವವರಿಗೆ ಅದು ಕಿರಿಕಿರಿ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವುದೇ ಮುಖ್ಯವೆಂದರೆ, ನನ್ನ ಮಟ್ಟಿಗೆ, ಗ್ಲಾಸಿಯೇ ವಾಸಿ.

ಇನ್ನು ಆರೈಕೆ. ಆ ಉಬ್ಬುತಗ್ಗೇ ಪರದೆಯ ಬಂಡವಾಳ. ಅದು ತುಂಬಲೂಬಾರದು, ಸವೆಯಲೂಬಾರದು. ಬೆರಳಿನ ಜಿಡ್ಡು ತಗ್ಗುಗಳಲ್ಲಿ ಕೂತರೆ ಅಷ್ಟು ಜಾಗ ಹೊಳೆಯತೊಡಗುತ್ತದೆ. ಕಲೆ ಹೋಗಲೆಂದು ತಿಕ್ಕಿ ಉಬ್ಬುಗಳನ್ನೇ ಸವೆಸಿದರೆ ಆ ಹೊಳಪು ಶಾಶ್ವತ. ಲ್ಯಾಪ್‌ಟಾಪ್ ಆಫ್ ಮಾಡಿ, ಮೊದಲು ಧೂಳನ್ನು ಬ್ಲೋಯರ್‌ನಿಂದ ಹಾರಿಸಿ. ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತುಸುವೇ ಒದ್ದೆಮಾಡಿ ಹಗುರವಾಗಿ ಒರೆಸಿ. ಬೋರ್‌ವೆಲ್‌ನ ಗಡಸು ನೀರು ಬೇಡ, ಒಣಗಿದ ಮೇಲೆ ಅದರ ಸುಣ್ಣ ತಗ್ಗುಗಳಲ್ಲೇ ಉಳಿಯುತ್ತದೆ. ನೀರನ್ನು ಪರದೆಗೆ ನೇರವಾಗಿ ಚಿಮುಕಿಸಬೇಡಿ. ಅದು ಕೆಳಅಂಚಿನಿಂದ ಒಳಗಿಳಿಯುತ್ತದೆ. ಟಿಶ್ಯೂ, ಸೀರೆಯ ಸೆರಗು, ಕಿಟಕಿ ಒರೆಸುವ ಅಮೋನಿಯಾ ದ್ರಾವಣ ಯಾವುದೂ ಬೇಡ.

ಕೀಬೋರ್ಡನ್ನೂ ಆಗಾಗ ಒರೆಸಿಡಿ. ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ತುರುಕಿದಾಗ ಕೀಲಿಗಳ ಜಿಡ್ಡು ಸಾಲುಸಾಲಾಗಿ ಅಚ್ಚೊತ್ತುವುದು ಪರದೆಯ ಮೇಲೆಯೇ.