ಧೂಮಪಾನಜನ್ಯ ಮರಣಗಳಲ್ಲಿ ಪ್ರಾಂತಭೇದ

ಒಂದೇ ದೇಶದ ಜನರಲ್ಲಿ ಧೂಮಪಾನದಿಂದ ಸಂಭವಿಸುವ ಮರಣಗಳು ಒಂದು ಸೀಮೆಯಲ್ಲಿ ಹೆಚ್ಚಾಗಿಯೂ ಮತ್ತೊಂದರಲ್ಲಿ ಕಡಮೆಯಾಗಿಯೂ ಇರುವುದೇಕೆ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದುದೆಂದು ತೋರುತ್ತದೆ. ವಿಚಾರಿಸಿ ನೋಡಿದರೆ ಅದರಲ್ಲಿ ಚರಿತ್ರೆಯ ಪಾಲೂ ಉಂಟು. ತಂಬಾಕು ಕೊಲ್ಲುವುದು ನಿಧಾನವಾಗಿ. ಇಂದಿನ ಮರಣವು ಸಾಮಾನ್ಯವಾಗಿ ಹಲವು ದಶಕಗಳ ಹಿಂದೆ ತೊಡಗಿದ ಅಭ್ಯಾಸದ ಫಲ. ಆದುದರಿಂದ ಮರಣಗಳ ಭೂಪಟವೆಂಬುದು ಬಹುಮಟ್ಟಿಗೆ ಹಿಂದಿನ ತಲೆಮಾರಿನ ಬಾಳುವೆಯ ಭೂಪಟವೇ ಆಗಿರುತ್ತದೆ. ಅದನ್ನು ಓದುವ ಬಗೆಯನ್ನು ಕರ್ನಾಟಕದ, ಅದರಲ್ಲಿಯೂ ಕುಂಭಾಶಿಯ ಸುತ್ತಣ ಕರಾವಳಿಯ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಯಾವ ಮರಣವನ್ನು ಧೂಮಪಾನದ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಮೊದಲ ತೊಡಕು. ಮರಣದ ದಾಖಲೆಯಲ್ಲಿ ರೋಗದ ಹೆಸರಿರುತ್ತದೆಯೇ ಹೊರತು ಬೀಡಿಯ ಹೆಸರಿರುವುದಿಲ್ಲ. ೧೯೫೦ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಧೂಮಪಾನ ಮಾಡದವರಲ್ಲಿ ಈ ರೋಗವು ವಿರಳ. ಆದಕಾರಣ ಅದರಿಂದ ಸಾಯುವವರ ಪ್ರಮಾಣವನ್ನೇ ಅಳತೆಗೋಲಾಗಿಟ್ಟುಕೊಂಡು ಧೂಮಪಾನದ ಒಟ್ಟು ಮರಣಗಳನ್ನು ಅಂದಾಜು ಮಾಡುವ ವಿಧಾನವನ್ನು ರಿಚರ್ಡ್ ಪೀಟೊ, ಆಲನ್ ಲೋಪೆಜ್ ಮೊದಲಾದವರು ೧೯೯೨ರಲ್ಲಿ ಮಂಡಿಸಿದರು. ಸಿಗರೇಟು ಬಹುಕಾಲದಿಂದ ರೂಢಿಯಲ್ಲಿದ್ದು, ಮರಣದ ಕಾರಣಗಳು ಚೆನ್ನಾಗಿ ದಾಖಲಾಗುವ ದೇಶಗಳಲ್ಲಿ ಇದು ಸಲ್ಲುತ್ತದೆ. ನಮ್ಮಲ್ಲಿ ಸುಲಭವಾಗಿ ಸಲ್ಲದು. ಭಾರತದಲ್ಲಿ ೨೦೨೦ರಲ್ಲಿ ನೋಂದಣಿಯಾದ ಮರಣಗಳ ಪೈಕಿ ಕಾರಣವನ್ನು ವೈದ್ಯರು ಪ್ರಮಾಣೀಕರಿಸಿದುದು ಶೇಕಡ ೨೨.೫ರಷ್ಟು ಮಾತ್ರ. ಅದೂ ಅಲ್ಲದೆ, ಇಲ್ಲಿ ಹೊಗೆಯು ಕೊಲ್ಲುವ ದಾರಿಯೂ ಬೇರೆ.

ಈ ಕಾರಣದಿಂದ ಪ್ರಭಾತ್ ಝಾ ಮತ್ತು ಸಹಾಧ್ಯಯನಕಾರರು ದೇಶದ ಸುಮಾರು ೧೧ ಲಕ್ಷ ಮನೆಗಳನ್ನು ಆರಿಸಿಕೊಂಡು, ಅಲ್ಲಿ ತೀರಿಕೊಂಡವರ ರೋಗಲಕ್ಷಣಗಳನ್ನೂ ಅಭ್ಯಾಸಗಳನ್ನೂ ಮನೆಯವರಿಂದಲೇ ವಿಚಾರಿಸುವ ಮಾರ್ಗವನ್ನು ಹಿಡಿದರು. ೨೦೦೮ರಲ್ಲಿ ಪ್ರಕಟವಾದ ಅವರ ನಿರ್ಣಯದಂತೆ, ೩೦ರಿಂದ ೬೯ ವರ್ಷ ವಯಸ್ಸಿನ ಗಂಡಸರ ಐದು ಮರಣಗಳಲ್ಲಿ ಒಂದಕ್ಕೆ, ಹೆಂಗಸರ ಇಪ್ಪತ್ತು ಮರಣಗಳಲ್ಲಿ ಒಂದಕ್ಕೆ ಧೂಮಪಾನವು ಕಾರಣ. ಬೀಡಿ ಸೇದುವ ಗಂಡಸರ ಆಯುಸ್ಸು ಸುಮಾರು ೬ ವರ್ಷ, ಸಿಗರೇಟು ಸೇದುವವರದು ಸುಮಾರು ೧೦ ವರ್ಷ ಕುಗ್ಗುತ್ತದೆ. ಒಂದು ಬೀಡಿಯಲ್ಲಿರುವ ತಂಬಾಕು ಸಿಗರೇಟಿನದರ ಕಾಲುಭಾಗದಷ್ಟು ಮಾತ್ರವೆಂಬುದನ್ನು ನೆನೆದರೆ ಅದರ ಕೇಡು ಅಲ್ಪವೆನ್ನುವಂತಿಲ್ಲ. ಧೂಮಪಾನಿಗಳಲ್ಲಿ ಅಧಿಕವಾಗಿ ಕಂಡ ಮರಣಗಳಲ್ಲಿ ಕ್ಷಯರೋಗದವು ಮುಖ್ಯವಾಗಿದ್ದುವು. ಕ್ಷಯವು ಮೊದಲೇ ಬೇರೂರಿರುವ ಸೀಮೆಯಲ್ಲಿ ಅದೇ ಬೀಡಿಯು ಹೆಚ್ಚು ಜನರನ್ನು ಬಲಿತೆಗೆದುಕೊಳ್ಳುತ್ತದೆ ಎಂದು ಇದರಿಂದ ತಿಳಿಯಬಹುದು.

ಇನ್ನು ಅಭ್ಯಾಸದ ಭೇದವನ್ನು ನೋಡೋಣ. ೨೦೧೬-೧೭ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇಕಡ ೨೮.೬ರಷ್ಟು ಜನರು ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ತ್ರಿಪುರದಲ್ಲಿ ಈ ಪ್ರಮಾಣ ೬೪.೫, ಗೋವೆಯಲ್ಲಿ ೯.೭. ಕೇರಳ ಮತ್ತು ಕರ್ನಾಟಕಗಳ ಹೋಲಿಕೆಯು ಇನ್ನೂ ಬೋಧಪ್ರದವಾಗಿದೆ. ಹೊಗೆ ಸೇದುವವರು ಕೇರಳದಲ್ಲಿ ಶೇಕಡ ೯.೩, ಕರ್ನಾಟಕದಲ್ಲಿ ೮.೮, ಹೆಚ್ಚಿನ ಅಂತರವಿಲ್ಲ. ಆದರೆ ತಂಬಾಕನ್ನು ಜಗಿಯುವ ಮತ್ತಿತರ ಹೊಗೆಯಿಲ್ಲದ ಬಗೆಗಳಲ್ಲಿ ಬಳಸುವವರು ಕೇರಳದಲ್ಲಿ ೫.೪, ಕರ್ನಾಟಕದಲ್ಲಿ ೧೬.೩. ಹೊಗೆಯ ಮರಣಗಳನ್ನಷ್ಟೇ ಎಣಿಸುವವನಿಗೆ ಈ ಎರಡು ರಾಜ್ಯಗಳ ಮುಖ್ಯ ಭೇದವು ಕಾಣುವುದೇ ಇಲ್ಲ. ೨೦೧೨ರಲ್ಲಿ ಪ್ರಕಟವಾದ ಕ್ಯಾನ್ಸರ್ ಮರಣಗಳ ಅಧ್ಯಯನವು ಭಾರತದಲ್ಲಿ ಶ್ವಾಸಕೋಶದ ಕ್ಯಾನ್ಸರಿಗಿಂತ ಬಾಯಿಯ ಕ್ಯಾನ್ಸರಿನಿಂದ ಸತ್ತವರು ಇಮ್ಮಡಿಯೆಂದು ತೋರಿಸಿದೆ. ಪಾಶ್ಚಾತ್ಯ ಅಳತೆಗೋಲು ನಮಗೆ ಸಾಲದೆಂಬುದಕ್ಕೆ ಇದೊಂದೇ ಸಾಕ್ಷ್ಯ ಸಾಕು.

ರಾಜ್ಯದ ಸರಾಸರಿಯೊಳಗೂ ಅನೇಕ ಸೀಮೆಗಳು ಅಡಗಿವೆ. ಆನೆಗುಡ್ಡೆಯ ವಿನಾಯಕ ದೇವಸ್ಥಾನದಿಂದ ಪ್ರಸಿದ್ಧವಾದ ಕುಂಭಾಶಿಯು ೧೯೫೬ರ ನವೆಂಬರ್ ೧ರ ವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡದಲ್ಲಿತ್ತು. ೧೯೯೭ರಿಂದ ಉಡುಪಿ ಜಿಲ್ಲೆಯಲ್ಲಿದೆ. ಅಭ್ಯಾಸಗಳು ಈ ಗಡಿಗಳಿಗಿಂತ ಹಳೆಯವು. ಅಸದ್ ಬೇಗನು ಹದಿನೇಳನೆಯ ಶತಮಾನದ ಆರಂಭದಲ್ಲಿ ಬಿಜಾಪುರದಿಂದ ತಂಬಾಕನ್ನು ಕೊಂಡೊಯ್ದು ಅಕ್ಬರನಿಗೆ ಒಪ್ಪಿಸಿದ ವೃತ್ತಾಂತವಿದೆ. ಕನ್ನಡನಾಡಿಗೆ ಅದು ಆ ಮೊದಲೇ ಬಂದಿತ್ತೆಂದಾಯಿತು. ಕರಾವಳಿಯಲ್ಲಿ ಹೊಗೆಸೊಪ್ಪು ಎಲೆಯಡಿಕೆಯೊಡನೆ ಕೂಡಿ ಸತ್ಕಾರದ ತಟ್ಟೆಯನ್ನೇರಿತು. ಸೇದುವುದಕ್ಕೆ ನಾಚುವ ಮನೆಯವರೂ ಜಗಿಯುವುದಕ್ಕೆ ನಾಚಲಿಲ್ಲ.

ಬೀಡಿಯ ಕಥೆ ಬೇರೆ. ನಿಪ್ಪಾಣಿಯ ಮತ್ತು ಗುಜರಾತಿನ ತಂಬಾಕು, ಮಧ್ಯಭಾರತದ ಕಾಡಿನ ಎಲೆ, ದಕ್ಷಿಣ ಕನ್ನಡ ಮತ್ತು ಉಡುಪಿಯ ಹೆಂಗಸರ ಬೆರಳು, ಈ ಮೂರೂ ಸೇರಿ ಬೀಡಿಯಾಗುತ್ತದೆ. ಮನೆಯ ಜಗಲಿಯಲ್ಲಿ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದು ಕೊಟ್ಟು ಬಂದ ಕೂಲಿಯಿಂದ ಎಷ್ಟೋ ಸಂಸಾರಗಳು ನಡೆದಿವೆ, ಮಕ್ಕಳು ಕಾಲೇಜಿಗೆ ಬಂದಿದ್ದಾರೆ. ಆ ಬೀಡಿಯು ಸುಡುವುದು ಬಹುಪಾಲು ಬೇರೆ ಊರುಗಳಲ್ಲಿ. ಕೂಲಿಯು ಒಂದು ಸೀಮೆಗೆ, ಕ್ಷಯವು ಇನ್ನೊಂದು ಸೀಮೆಗೆ ಎಂಬಂತೆ ಲಾಭನಷ್ಟಗಳು ಹಂಚಿಹೋಗಿವೆ.

ಜನರ ವಲಸೆಯು ಈ ಲೆಕ್ಕವನ್ನು ಮತ್ತಷ್ಟು ಮಸುಕುಗೊಳಿಸುತ್ತದೆ. ಕುಂದಾಪುರದ ಕಡೆಯಿಂದ ಹೋಟೆಲು ಕೆಲಸಕ್ಕಾಗಿ ಮುಂಬಯಿಗೂ ಬೆಂಗಳೂರಿಗೂ ಹೋದವರು ಬಹುಮಂದಿ. ೧೯೬೯ರ ಜನನ ಮರಣ ನೋಂದಣಿ ಕಾನೂನಿನಂತೆ ಮರಣವು ಸಂಭವಿಸಿದ ಸ್ಥಳದಲ್ಲಿಯೇ ದಾಖಲಾಗಬೇಕು. ಪಟ್ಟಣದಲ್ಲಿ ಮೂವತ್ತು ವರ್ಷ ಸೇದಿ, ಕೆಮ್ಮು ಹತ್ತಿದ ಮೇಲೆ ಊರಿಗೆ ಮರಳಿ ತೀರಿಕೊಂಡವನ ಮರಣವು ಊರಿನ ಪುಸ್ತಕಕ್ಕೆ ಸೇರುತ್ತದೆ. ಊರಿನಲ್ಲಿ ಅಭ್ಯಾಸ ಹಿಡಿದು ಪಟ್ಟಣದಲ್ಲಿ ಸತ್ತವನದು ಪಟ್ಟಣದ ಪುಸ್ತಕಕ್ಕೆ.

ಇಷ್ಟರಿಂದ ತಿಳಿಯಬೇಕಾದುದೇನೆಂದರೆ, ಪ್ರಾಂತಭೇದವನ್ನು ಜನರ ಸ್ವಭಾವದಲ್ಲಿ ಹುಡುಕುವುದು ಸಲ್ಲದು. ತಂಬಾಕಿನ ರೂಪ, ಅದು ರೂಢಿಗೆ ಬಂದ ಕಾಲ, ಮೊದಲೇ ನೆಲಸಿದ್ದ ರೋಗ, ಜನರ ಸಂಚಾರ ಈ ನಾಲ್ಕನ್ನೂ ಕೂಡಿಸಿ ನೋಡಿದಲ್ಲದೆ ಸಂಖ್ಯೆಗಳು ಮಾತನಾಡವು. ಸರಾಸರಿ ಕಡಮೆಯೆಂದು ಒಂದು ಸೀಮೆಯನ್ನು ಕೈಬಿಟ್ಟರೆ ಅಲ್ಲಿನ ಬಾಯಿಯ ಹುಣ್ಣು ಕಾಲಕ್ಕೆ ಪರೀಕ್ಷೆಯಾಗದೆ ಉಳಿದೀತು. ಗ್ರಾಮ ಗ್ರಾಮದ ಮರಣಪುಸ್ತಕಗಳನ್ನು ಮನೆಮನೆಯ ವಿಚಾರಣೆಯೊಡನೆ ಹೋಲಿಸಿ ನೋಡುವ ಕೆಲಸವು ಕಾಲೇಜು ವಿದ್ಯಾರ್ಥಿಗಳ ಶಕ್ತಿಗೆ ಮೀರಿದುದಲ್ಲ. ಚರಿತ್ರೆಯ ವಿಭಾಗಗಳು ಅದನ್ನು ತಮ್ಮದೆಂದು ಕೈಗೊಳ್ಳುವುದು ಉಚಿತ.